ರೂಢಿ, ದತ್ತಕ, ವತನ: ಮಲಪ್ರಭೆಯ ಸೀಮೆಯಲ್ಲಿ ಸಂಪ್ರದಾಯದ ಕಾನೂನು ಮತ್ತು ವಸಾಹತು ಆಡಳಿತ

1. ವಿಷಯದ ವ್ಯಾಪ್ತಿ

ಒಂದು ಊರು, ಮನೆತನ ಅಥವಾ ಸಮುದಾಯ ತಲೆತಲಾಂತರದಿಂದ ನಡೆಸಿಕೊಂಡು ಬಂದ, ಮುರಿದವರು ದೈವದ (ಊರ ಹಿರಿಯರ ಕೂಟದ) ಮುಂದೆ ತಪ್ಪು ಒಪ್ಪಿ ದಂಡ ತೆರಬೇಕೆಂದು ಎಲ್ಲರೂ ತಿಳಿದ ಕಟ್ಟಳೆಯೇ ರೂಢಿಗತ ಕಾನೂನು. ಅದಕ್ಕೆ ಗ್ರಂಥವಿಲ್ಲ, ಬರೆದವರ ಹೆಸರಿಲ್ಲ. ದತ್ತು ಸ್ವೀಕಾರ, ಪಾಲು, ಉಡಿಕಿ (ವಿಧವೆಯ ಮರುಮದುವೆ), ಸೋಡಚೀಟಿ (ಗಂಡಹೆಂಡಿರ ಬಿಡುಗಡೆ), ಗೌಡಕಿಯ ಹಕ್ಕು, ದೇವರ ಮಾನ್ಯ, ಆಯಗಾರರ ಆಯ ಇವೆಲ್ಲ ಬಹುಕಾಲ ಇಂಥ ಕಟ್ಟಳೆಯ ಮೇಲೆಯೇ ನಡೆದವು. ಹತ್ತೊಂಬತ್ತನೆಯ ಶತಮಾನದಲ್ಲಿ ಬ್ರಿಟಿಷ್ ಆಡಳಿತ ಈ ಕಟ್ಟಳೆಗಳನ್ನು ಗೌರವಿಸುವುದಾಗಿ ಘೋಷಿಸಿತು. ಆದರೆ ಯಾವುದು ರೂಢಿ, ಅದನ್ನು ಹೇಳುವವರು ಯಾರು, ಅದಕ್ಕೆ ಸಾಕ್ಷಿ ಎಷ್ಟು ಬೇಕು ಎಂಬ ಮೂರನ್ನೂ ನಿರ್ಧರಿಸುವ ಅಧಿಕಾರವನ್ನು ತನ್ನಲ್ಲೇ ಇಟ್ಟುಕೊಂಡಿತು.

ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಈ ಬದಲಾವಣೆಯನ್ನು ಹತ್ತಿರದಿಂದ ನೋಡಲು ತಕ್ಕ ಸೀಮೆ. ಕಿತ್ತೂರಿನಲ್ಲಿ ದತ್ತಕದ ಪ್ರಶ್ನೆ ಯುದ್ಧಕ್ಕೆ ತಿರುಗಿತು. ಬೈಲಹೊಂಗಲದ ಸಂಗೊಳ್ಳಿಯಲ್ಲಿ ಚಾಕರಿಯ ಮಾನ್ಯಭೂಮಿ ಬಂಡಾಯಕ್ಕೆ ಕಾರಣಗಳಲ್ಲೊಂದಾಯಿತು. ರಾಮದುರ್ಗ ಸಂಸ್ಥಾನ ದತ್ತಕದ ಸನದು ಪಡೆದು ಉಳಿಯಿತು. ಅದರ ದಾಯಾದಿ ಸಂಸ್ಥಾನ ನರಗುಂದ ಉಳಿಯಲಿಲ್ಲ. ಸವದತ್ತಿಯ ಎಲ್ಲಮ್ಮನ ಗುಡ್ಡದ ಸುತ್ತ ಬೆಳೆದ ಪದ್ಧತಿಗಳು ಬೇರೆಯೇ ಬಗೆಯ ಪ್ರಶ್ನೆಗಳನ್ನು ಎತ್ತಿದವು.

2. ಬರಹಕ್ಕೆ ಇಳಿದ ರೂಢಿ

1818ರಲ್ಲಿ ಪೇಶವೆಯ ರಾಜ್ಯ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ ಮೌಂಟ್‌ಸ್ಟುವರ್ಟ್ ಎಲ್ಫಿನ್‌ಸ್ಟನ್ ಗೆದ್ದ ಪ್ರಾಂತಗಳ ಕಮಿಷನರ್ ಆಗಿದ್ದ. 1819ರ ವರದಿಯಲ್ಲಿ ಅವನು ಪಂಚಾಯತಿಗಳನ್ನು ಮೆಚ್ಚಿ ಬರೆದು, ಅವುಗಳನ್ನು ಉಳಿಸಿಕೊಳ್ಳಬೇಕೆಂದು ವಾದಿಸಿದ. ಅದೇ ವರ್ಷ ಮುಂಬಯಿಯ ಗವರ್ನರ್ ಆಗಿ 1827ರವರೆಗೆ ಆ ಪದವಿಯಲ್ಲಿದ್ದ. ಅವನ ಹೆಸರಿನಲ್ಲೇ ಪ್ರಸಿದ್ಧವಾದ 1827ರ ಸಂಹಿತೆಯ ನಾಲ್ಕನೆಯ ರೆಗ್ಯುಲೇಶನ್ ದಿವಾಣಿ ದಾವೆಗಳಲ್ಲಿ ಅನುಸರಿಸಬೇಕಾದ ಕ್ರಮವನ್ನು ಹೇಳುತ್ತದೆ. ಮೊದಲು ಪಾರ್ಲಿಮೆಂಟಿನ ಕಾಯ್ದೆ ಮತ್ತು ಸರಕಾರದ ರೆಗ್ಯುಲೇಶನ್. ಅವು ಇಲ್ಲದಲ್ಲಿ ದಾವೆ ಹುಟ್ಟಿದ ನಾಡಿನ ರೂಢಿ. ಅದೂ ಇಲ್ಲದಿದ್ದರೆ ಪ್ರತಿವಾದಿಯ ಕಾನೂನು. ಕೊನೆಗೆ ನ್ಯಾಯ, ಸಮತೆ ಮತ್ತು ಒಳ್ಳೆಯ ಅಂತಃಸಾಕ್ಷಿ. ಬಂಗಾಳದಲ್ಲಿ ವಾರನ್ ಹೇಸ್ಟಿಂಗ್ಸ್ 1772ರಲ್ಲಿ ಶಾಸ್ತ್ರ ಮತ್ತು ಕುರಾನುಗಳನ್ನು ಆಧಾರವಾಗಿಟ್ಟಿದ್ದ. ಅದಕ್ಕೆ ಹೋಲಿಸಿದರೆ ಮುಂಬಯಿ ಇಲಾಖೆ ಶಾಸ್ತ್ರಕ್ಕಿಂತ ರೂಢಿಗೆ ಮೇಲಿನ ಸ್ಥಾನ ಕೊಟ್ಟಿತ್ತು. ಧಾರವಾಡ ಜಿಲ್ಲೆಯೂ, 1836ರಲ್ಲಿ ಅದರಿಂದ ಬೇರೆಯಾದ ಬೆಳಗಾವಿ ಜಿಲ್ಲೆಯೂ ಈ ವ್ಯವಸ್ಥೆಗೇ ಒಳಪಟ್ಟವು.

ರೂಢಿಯಂತೆ ತೀರ್ಪು ಕೊಡಲು ರೂಢಿ ಏನೆಂದು ತಿಳಿಯಬೇಕು. ಗುಜರಾತಿನಲ್ಲಿ ಬೊರಾಡೇಲ್, ದಖ್ಖನಿನಲ್ಲಿ ಆರ್ಥರ್ ಸ್ಟೀಲ್ ಜಾತಿಗಳ ಕಟ್ಟಳೆಗಳನ್ನು ಸಂಗ್ರಹಿಸಿದರು. ದಖ್ಖನಿನ ಹಿಂದೂ ಜಾತಿಗಳ ಕಾನೂನು ಮತ್ತು ರೂಢಿಗಳನ್ನು ಕುರಿತ ಸ್ಟೀಲನ ಸಂಗ್ರಹ 1827ರಲ್ಲಿ ಹೊರಬಂದು, 1868ರಲ್ಲಿ ಮರುಮುದ್ರಣವಾಯಿತು. ಅವನ ವಿಚಾರಣೆಯ ಕೇಂದ್ರ ಪುಣೆ. ಉತ್ತರ ಹೇಳಿದವರು ಶಾಸ್ತ್ರಿಗಳು ಮತ್ತು ಜಾತಿಗಳ ಮುಖಂಡರು. ಮಲಪ್ರಭೆಯ ದಂಡೆಯ ರೈತರು, ಆಯಗಾರರು, ಹೆಂಗಸರು ತಮ್ಮ ಮಾತಿನಲ್ಲಿ ಹೇಳಿದ್ದು ಆ ಪುಟಗಳಲ್ಲಿ ಸಿಗುವುದಿಲ್ಲ. ಊರಿನಿಂದ ಊರಿಗೆ ಬದಲಾಗುತ್ತಿದ್ದ, ಕಾಲಕ್ಕೆ ತಕ್ಕಂತೆ ಸಡಿಲವಾಗುತ್ತಿದ್ದ ನಡವಳಿಕೆಗಳು ಪ್ರಶ್ನೋತ್ತರಗಳ ಸಾಲಿನಲ್ಲಿ ಗಟ್ಟಿಯಾಗಿ ನಿಂತವು.

ಜಿಲ್ಲಾ ನ್ಯಾಯಾಲಯಗಳಲ್ಲಿ ಶಾಸ್ತ್ರಿಗಳನ್ನು ನೇಮಿಸಿ ಅವರಿಂದ ವ್ಯವಸ್ಥೆ, ಅಂದರೆ ಶಾಸ್ತ್ರಾಭಿಪ್ರಾಯ, ಪಡೆಯುವ ಪದ್ಧತಿ 1864ರವರೆಗೆ ನಡೆಯಿತು. ರೇಮಂಡ್ ವೆಸ್ಟ್ ಮತ್ತು ಯೋಹಾನ್ ಗೇಯೋರ್ಗ್ ಬ್ಯೂಲರ್ 1867ರಿಂದ ಪ್ರಕಟಿಸಿದ ಹಿಂದೂ ಕಾನೂನಿನ ಸಂಗ್ರಹದಲ್ಲಿ ಧಾರವಾಡವೂ ಸೇರಿದಂತೆ ಹಲವು ಜಿಲ್ಲೆಗಳ ಇಂಥ ಅಭಿಪ್ರಾಯಗಳು ಸೇರಿವೆ. ಶಾಸ್ತ್ರಿಗಳ ಹುದ್ದೆ ರದ್ದಾದ ಮೇಲೆ ನ್ಯಾಯಾಧೀಶರು ಹಿಂದಿನ ತೀರ್ಪುಗಳನ್ನೂ ಮುದ್ರಿತ ಗ್ರಂಥಗಳನ್ನೂ ಆಧರಿಸಿದರು.

3. ಕಿತ್ತೂರು: ರೂಢಿ ಮತ್ತು ರಾಜ್ಯಾಧಿಕಾರ

ಸ್ಟೀಲನ ಗ್ರಂಥ ಬರುವುದಕ್ಕೆ ಮೂರು ವರ್ಷ ಮೊದಲೇ ಕಿತ್ತೂರಿನ ದತ್ತಕದ ಪ್ರಶ್ನೆ ಎದ್ದಿತ್ತು. ಮಲ್ಲಸರ್ಜ ದೇಸಾಯಿ 1816ರಲ್ಲಿ ತೀರಿಕೊಂಡ. ಅವನ ಮಗ ಶಿವಲಿಂಗರುದ್ರಸರ್ಜ ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಕಂಪನಿಗೆ ನೆರವಾಗಿದ್ದರಿಂದ 1818ರಲ್ಲಿ ಅವನ ಸಂಸ್ಥಾನ ಮುಂದುವರಿಯಿತು. 1824ರ ಸೆಪ್ಟೆಂಬರಿನಲ್ಲಿ ಅವನು ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿ ಗೌಡರ ಮನೆತನದ ಶಿವಲಿಂಗಪ್ಪನನ್ನು ದತ್ತು ತೆಗೆದುಕೊಂಡಿರುವುದಾಗಿ ಅರಮನೆ ತಿಳಿಸಿತು. ಧಾರವಾಡದ ಕಲೆಕ್ಟರ್ ಹಾಗೂ ಪೊಲಿಟಿಕಲ್ ಏಜೆಂಟ್ ಸೇಂಟ್ ಜಾನ್ ಥ್ಯಾಕರೆ ಈ ದತ್ತಕವನ್ನು ನಂಬಲಿಲ್ಲ. ದೇಸಾಯಿ ಬದುಕಿರುವಾಗಲೇ ಅದು ನಡೆಯಿತೆಂಬುದಕ್ಕೆ ರುಜುವಾತಿಲ್ಲ, ಸರಕಾರದ ಒಪ್ಪಿಗೆಯನ್ನೂ ಪಡೆದಿಲ್ಲ ಎಂಬುದು ಅವನ ನಿಲುವು. ಖಜಾನೆಗೆ ಮೊಹರು ಬಿತ್ತು, ಕಾವಲು ಕೂತಿತು. ಅಕ್ಟೋಬರ್ 23ರಂದು ಕಿತ್ತೂರಿನ ಮುಂದೆ ನಡೆದ ಕಾಳಗದಲ್ಲಿ ಥ್ಯಾಕರೆ ಸತ್ತ. ಡಿಸೆಂಬರ್ ಮೊದಲ ವಾರದಲ್ಲಿ ದೊಡ್ಡ ಸೈನ್ಯ ಬಂದು ಕೋಟೆಯನ್ನು ಹಿಡಿಯಿತು. ಮಲ್ಲಸರ್ಜನ ಪತ್ನಿ ರಾಣಿ ಚೆನ್ನಮ್ಮ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರ ಫೆಬ್ರುವರಿಯಲ್ಲಿ ತೀರಿಕೊಂಡಳು. ಅವಳ ಸಮಾಧಿ ಆ ಊರಲ್ಲೇ ಇದೆ.

ಈ ಪ್ರಕರಣದಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಮನೆಯ ಆಸ್ತಿಗೆ ವಾರಸುದಾರ ಯಾರೆಂಬುದು ಒಂದು; ಸಂಸ್ಥಾನದ ಅಧಿಕಾರ ಯಾರಿಗೆ ಸಲ್ಲಬೇಕೆಂಬುದು ಇನ್ನೊಂದು. ಕಿತ್ತೂರಿನ ಕಣ್ಣಿನಲ್ಲಿ ಇವೆರಡೂ ಒಂದೇ. ಮನೆತನದ ಹಕ್ಕೇ ರಾಜ್ಯದ ಹಕ್ಕು. ದತ್ತಕ ಸರಿಯಾದರೆ ಗಾದಿಯೂ ಸರಿ. ಕಂಪನಿ ಇವನ್ನು ಬೇರೆ ಮಾಡಿ, ಅಧಿಕಾರ ತಾನು ಕೊಟ್ಟದ್ದಾದ್ದರಿಂದ ಮುಂದುವರಿಸುವುದೂ ಬಿಡುವುದೂ ತನ್ನ ಇಚ್ಛೆ ಎಂದಿತು. ಪೇಶವೆಯ ಕಾಲದಲ್ಲೂ ದೊಡ್ಡ ಜಹಗೀರುಗಳ ವಾರಸಿಕೆಗೆ ನಜರಾಣೆ ಸಲ್ಲಿಸಿ ಮಾನ್ಯತೆ ಪಡೆಯುವ ಪದ್ಧತಿ ಇತ್ತು ಎಂಬುದನ್ನು ಮರೆಯಬಾರದು. ಆದರೆ ಅಲ್ಲಿ ನಜರಾಣೆ ಕೊಟ್ಟು ಮನೆತನವನ್ನು ಉಳಿಸಿಕೊಳ್ಳುವ ದಾರಿ ಸಾಮಾನ್ಯವಾಗಿ ತೆರೆದಿರುತ್ತಿತ್ತು. ಮಾತುಕತೆಯ ವಿಷಯವಾಗಿದ್ದದ್ದು ಕಂಪನಿಯ ಕೈಯಲ್ಲಿ ಆಡಳಿತದ ನಿಯಮವಾಯಿತು. ಗವರ್ನರ್ ಜನರಲ್ ಡಾಲ್‌ಹೌಸಿ 1848ರಲ್ಲಿ ಸಾತಾರೆಗೆ ಅನ್ವಯಿಸಿದ, ವಾರಸುದಾರನಿಲ್ಲದ ಸಂಸ್ಥಾನ ಸರಕಾರಕ್ಕೆ ಸೇರುತ್ತದೆಂಬ ತತ್ವ ಕಿತ್ತೂರಿನಲ್ಲಿ ಇಪ್ಪತ್ತನಾಲ್ಕು ವರ್ಷ ಮೊದಲೇ ಕಾಣಿಸಿಕೊಂಡಿತ್ತು. ರೂಢಿಗೆ ಶಾಸ್ತ್ರಕ್ಕಿಂತ ಮೇಲಿನ ಸ್ಥಾನ ಕೊಟ್ಟ ಸಂಹಿತೆಯೂ ಕಿತ್ತೂರಿನ ಪತನವೂ ಒಬ್ಬನೇ ಗವರ್ನರನ ಕಾಲದವು. ರೂಢಿಯ ಗೌರವ ಖಾಸಗಿ ದಾವೆಗಳ ಮೇರೆಯನ್ನು ದಾಟಲಿಲ್ಲ.

4. ಚಾಕರಿಯ ಭೂಮಿ, ಇನಾಮು ಮತ್ತು 1858

ಊರಿನ ಚಾಕರಿಗೆ ಪ್ರತಿಯಾಗಿ ಭೂಮಿ ಅನುಭವಿಸುವ ಹಕ್ಕು ಈ ಸೀಮೆಯ ರೂಢಿಗತ ಕಾನೂನಿನ ಇನ್ನೊಂದು ಮುಖ್ಯ ಭಾಗ. ಗೌಡ, ಕುಲಕರ್ಣಿ, ತಳವಾರ, ವಾಲಿಕಾರ, ಶೇತಸನದಿ ಇವರೆಲ್ಲರಿಗೂ ಮಾನ್ಯ ಇತ್ತು. ಸಂಗೊಳ್ಳಿ ರಾಯಣ್ಣ ಕಿತ್ತೂರಿನ ಶೇತಸನದಿ, ಅಂದರೆ ಮಾನ್ಯಭೂಮಿ ಪಡೆದು ಕಾವಲಿನ ಚಾಕರಿ ಮಾಡುವವನು. ಸಂಸ್ಥಾನ ಬಿದ್ದ ಮೇಲೆ ಅವನಂಥವರ ಭೂಮಿಯ ಮೇಲೆ ಹೊಸ ಸರಕಾರದ ಕಂದಾಯದ ಕಣ್ಣು ಬಿತ್ತು. ಅವನು ದತ್ತುಪುತ್ರ ಶಿವಲಿಂಗಪ್ಪನ ಹೆಸರಿನಲ್ಲಿ ದಂಡು ಕಟ್ಟಿದ್ದು, ಕಚೇರಿಗಳನ್ನೂ ದಫ್ತರಗಳನ್ನೂ ಸುಟ್ಟದ್ದು ಎರಡು ಹಕ್ಕುಗಳ ಹೋರಾಟ ಒಂದಾದುದನ್ನು ತೋರಿಸುತ್ತದೆ: ಮನೆತನದ ದತ್ತಕದ ಹಕ್ಕು ಮತ್ತು ಚಾಕರನ ಮಾನ್ಯದ ಹಕ್ಕು. 1831ರ ಜನವರಿಯಲ್ಲಿ ಅವನನ್ನು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು.

ಇನಾಮುಗಳ, ಅಂದರೆ ಕಂದಾಯ ಬಿಟ್ಟುಕೊಟ್ಟ ಭೂಮಿಗಳ, ವ್ಯವಸ್ಥಿತ ವಿಚಾರಣೆ ಮುಂಬಯಿ ಇಲಾಖೆಯಲ್ಲಿ ಮೊದಲಾದದ್ದು 1843ರಲ್ಲಿ, ಈ ಸೀಮೆಯನ್ನೂ ಒಳಗೊಂಡ ದಕ್ಷಿಣ ಮರಾಠಾ ಪ್ರದೇಶದಲ್ಲಿ. 1852ರ ಹನ್ನೊಂದನೆಯ ಕಾಯ್ದೆ ಇನಾಮು ಕಮಿಷನ್ನಿಗೆ ಶಾಸನದ ಬಲ ಕೊಟ್ಟಿತು. ಹಕ್ಕಿಗೆ ಕಾಗದ ತೋರಿಸಬೇಕಾಗಿದ್ದವನು ಈಗ ಭೂಮಿಯ ಒಡೆಯ. ತಲೆಮಾರುಗಳ ಅನುಭೋಗವನ್ನೇ ಸಾಕ್ಷಿಯೆಂದು ನಂಬಿದ್ದವರಿಗೆ ಸನದು ಕೇಳಿದಾಗ ತೋರಿಸಲು ಏನೂ ಇರಲಿಲ್ಲ. ಸಾವಿರಾರು ಇನಾಮುಗಳು ಮುಟ್ಟುಗೋಲಾದವು. 1863ರ ಸಂಕ್ಷಿಪ್ತ ಇತ್ಯರ್ಥದ ಕಾಯ್ದೆಗಳು ನಿಗದಿತ ಜುಡಿ (ರಿಯಾಯಿತಿ ಕಂದಾಯ) ತೆತ್ತು ಭೂಮಿ ಉಳಿಸಿಕೊಳ್ಳುವ ಅವಕಾಶ ಕೊಟ್ಟದ್ದು ಈ ಅಸಮಾಧಾನ ಹೊತ್ತಿ ಉರಿದ ಮೇಲೆ.

ನರಗುಂದ ಮತ್ತು ರಾಮದುರ್ಗ ಎರಡನ್ನೂ ಭಾವೆ ಮನೆತನದ ಶಾಖೆಗಳು ಆಳುತ್ತಿದ್ದವು. ಮಗನನ್ನು ಕಳೆದುಕೊಂಡ ನರಗುಂದದ ಬಾಬಾಸಾಹೇಬ ಭಾಸ್ಕರರಾವ್ ದತ್ತಕಕ್ಕೆ ಅನುಮತಿ ಕೇಳಿದ, ಸರಕಾರ ಕೊಡಲಿಲ್ಲ. 1858ರ ಮೇ ಕೊನೆಯಲ್ಲಿ ಅವನ ಜನರು ರಾಮದುರ್ಗದ ಹತ್ತಿರದ ಸುರೇಬಾನದಲ್ಲಿ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್‌ನನ್ನು ಕೊಂದರು. ಮ್ಯಾನ್ಸನ್ ಇನಾಮು ವಿಚಾರಣೆಯಲ್ಲಿ ಕೆಲಸ ಮಾಡಿದ್ದ ಅಧಿಕಾರಿ. ಜೂನಿನಲ್ಲಿ ನರಗುಂದದ ಕೋಟೆ ಬಿತ್ತು. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಬ್ರಿಟಿಷರ ಪರ ಉಳಿದ ರಾಮದುರ್ಗಕ್ಕೆ ಮುಂದೆ ದತ್ತಕಕ್ಕೆ ಅವಕಾಶ ಕೊಡುವ ಸನದು ದೊರೆತು, ಆ ಸಂಸ್ಥಾನ 1948ರ ವಿಲೀನದವರೆಗೂ ಇತ್ತು. ಒಂದು ಮನೆತನದ ಒಂದೇ ರೂಢಿಗೆ ಎರಡು ಫಲ. ಯಾವುದು ಸಲ್ಲುತ್ತದೆಂಬುದನ್ನು ತೀರ್ಮಾನಿಸಿದ್ದು ರಾಜನಿಷ್ಠೆ.

5. ನ್ಯಾಯಾಲಯದಲ್ಲಿ ದತ್ತಕ

ರಾಜಕೀಯದ ಹೊರಗೆ, ದಿವಾಣಿ ನ್ಯಾಯಾಲಯದಲ್ಲಿ, ಇದೇ ದತ್ತಕದ ಕಥೆ ಬೇರೆ ದಾರಿ ಹಿಡಿಯಿತು. 1868ರಲ್ಲಿ ಮದುರೆಯ ಕಲೆಕ್ಟರ್ ಪ್ರಕರಣದಲ್ಲಿ ಲಂಡನ್ನಿನ ಪ್ರೀವಿ ಕೌನ್ಸಿಲ್ ಸ್ಪಷ್ಟವಾಗಿ ರುಜುವಾತಾದ ರೂಢಿ ಬರೆದ ಶಾಸ್ತ್ರವಚನಕ್ಕಿಂತ ಹೆಚ್ಚು ತೂಕದ್ದೆಂದು ಹೇಳಿತು. ಅದೇ ವರ್ಷ ಮುಂಬಯಿ ಹೈಕೋರ್ಟು ರಖಮಾಬಾಯಿ ಮತ್ತು ರಾಧಾಬಾಯಿ ಪ್ರಕರಣದಲ್ಲಿ, ಮರಾಠಾ ಪ್ರದೇಶದ ವಿಧವೆ ಗಂಡನ ಅಪ್ಪಣೆಯಾಗಲಿ ದಾಯಾದಿಗಳ ಒಪ್ಪಿಗೆಯಾಗಲಿ ಇಲ್ಲದೆಯೂ ದತ್ತು ತೆಗೆದುಕೊಳ್ಳಬಹುದೆಂದು ತೀರ್ಮಾನಿಸಿತು. ಅವಿಭಕ್ತ ಕುಟುಂಬದ ವಿಧವೆಗೂ ಈ ಅಧಿಕಾರ ಉಂಟೆಂದು ಪ್ರೀವಿ ಕೌನ್ಸಿಲ್ 1932ರಲ್ಲಿ ಹೇಳಿದ್ದು ಭೀಮಾಬಾಯಿ ಮತ್ತು ಗುರುನಾಥಗೌಡ ಖಂಡಪ್ಪಗೌಡ ಎಂಬ ಕನ್ನಡ ನಾಡಿನ ಮನೆತನದ ದಾವೆಯಲ್ಲಿ. ಕಿತ್ತೂರಿನಲ್ಲಿ ಥ್ಯಾಕರೆ ಎತ್ತಿದ ಆಕ್ಷೇಪಗಳಲ್ಲಿ ಒಂದು, ಸತ್ತವನು ಬದುಕಿದ್ದಾಗಲೇ ದತ್ತಕ ನಡೆದಿರಬೇಕೆಂಬುದು. ಬರೀ ಆಸ್ತಿಯ ದಾವೆಯಾಗಿದ್ದರೆ ಆ ಆಕ್ಷೇಪ ಮುಂದಿನ ಈ ತೀರ್ಪುಗಳ ಎದುರು ನಿಲ್ಲುತ್ತಿರಲಿಲ್ಲ.

ದತ್ತಕದಿಂದ ಉಳಿದ ಮನೆತನಕ್ಕೆ ಸವದತ್ತಿ ಸೀಮೆಯ ಶಿರಸಂಗಿಯೇ ಉದಾಹರಣೆ. 1861ರಲ್ಲಿ ಶಿಗ್ಲಿಯಲ್ಲಿ ಹುಟ್ಟಿದ ಲಿಂಗರಾಜರು ಬಾಲ್ಯದಲ್ಲಿ ಶಿರಸಂಗಿ-ನವಲಗುಂದ ದೇಸಗತಿಗೆ ದತ್ತಕರಾಗಿ ಬಂದವರು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷತೆ ವಹಿಸಿದ ಅವರು 1906ರಲ್ಲಿ ತೀರಿಕೊಳ್ಳುವ ಮೊದಲು ಮೃತ್ಯುಪತ್ರ ಬರೆದು ದೇಸಗತಿಯ ಆಸ್ತಿಯನ್ನು ವಿದ್ಯಾರ್ಥಿಗಳ ಶಿಕ್ಷಣಕ್ಕೆ ಬಿಟ್ಟರು. ವಂಶವನ್ನು ಮುಂದುವರಿಸುವುದು ದತ್ತಕದ ಉದ್ದೇಶ. ಮೃತ್ಯುಪತ್ರ ಹೊಸ ಕಾನೂನಿನ ಸಾಧನ. ರೂಢಿಯಿಂದ ಬಂದ ಆಸ್ತಿ ಹೊಸ ಕಾನೂನಿನ ದಾರಿಯಲ್ಲಿ ಸಾರ್ವಜನಿಕ ನಿಧಿಯಾಯಿತು. ವಸಾಹತು ಕಾನೂನನ್ನು ಈ ನಾಡಿನವರು ಸುಮ್ಮನೆ ಅನುಭವಿಸಲಿಲ್ಲ, ತಮ್ಮ ಗುರಿಗೆ ಬಳಸಿಯೂ ಕೊಂಡರು ಎಂಬುದಕ್ಕೆ ಇದು ದೊಡ್ಡ ನಿದರ್ಶನ.

6. ದೇಸಗತಿ ಮತ್ತು ವತನ

ದೇಸಗತಿ ಹಿರಿಯ ಮಗನಿಗೇ ಸಲ್ಲುವುದೋ, ಅಣ್ಣತಮ್ಮಂದಿರಿಗೆ ಪಾಲಾಗುವುದೋ ಎಂಬ ತಕರಾರು ಅನೇಕ ದೇಸಾಯಿ ಮನೆಗಳಲ್ಲಿ ಎದ್ದಿತು. 1880ರಲ್ಲಿ ಅದೃಶ್ಯಪ್ಪ ಮತ್ತು ಗುರುಶಿದ್ದಪ್ಪ ಎಂಬ ದಾಯಾದಿಗಳ ದಾವೆಯಲ್ಲಿ ಪ್ರೀವಿ ಕೌನ್ಸಿಲ್, ದೇಸಗತಿ ಎಂಬ ಒಂದೇ ಕಾರಣಕ್ಕೆ ಆಸ್ತಿ ಅವಿಭಾಜ್ಯವಾಗದು, ಹಾಗೆ ವಾದಿಸುವವರೇ ಮನೆತನದ ಅಥವಾ ಸೀಮೆಯ ರೂಢಿಯನ್ನು ರುಜುವಾತು ಮಾಡಬೇಕು ಎಂದಿತು. ರೂಢಿ ಪ್ರಾಚೀನವೂ ನಿಶ್ಚಿತವೂ ನಿರಂತರವೂ ಯುಕ್ತವೂ ಆಗಿರಬೇಕೆಂಬ ಇಂಗ್ಲಿಷ್ ಅಳತೆಗೋಲು ಇಂಥ ದಾವೆಗಳ ಮೂಲಕ ಹಳ್ಳಿಯ ಮನೆಯವರೆಗೂ ಬಂತು.

1874ರ ವಂಶಪರಂಪರೆಯ ಹುದ್ದೆಗಳ ಕಾಯ್ದೆ ವತನಗಳನ್ನು, ಅಂದರೆ ಇಂಥ ಹುದ್ದೆಗಳಿಗೆ ಸೇರಿದ ಭೂಮಿ ಮತ್ತು ಹಕ್ಕುಗಳನ್ನು, ಸರಕಾರದ ರಿಜಿಸ್ಟರಿಗೆ ತಂದಿತು. 1886ರ ಐದನೆಯ ಕಾಯ್ದೆ ವತನದಾರ ಮನೆತನಗಳಲ್ಲಿ ವಿಧವೆಯನ್ನು ಬಿಟ್ಟು ಉಳಿದ ಹೆಣ್ಣು ವಾರಸುದಾರರನ್ನು ಗಂಡು ವಾರಸುದಾರರ ಹಿಂದಕ್ಕೆ ತಳ್ಳಿತು. ಮಗಳಿಗೆ ಬರಬೇಕಾದ ವತನದ ಜಮೀನು ದೂರದ ದಾಯಾದಿಗೆ ಹೋಗಲು ಇಲ್ಲಿ ಕಾರಣವಾದದ್ದು ಶಾಸ್ತ್ರವಲ್ಲ, ರೂಢಿಯೂ ಅಲ್ಲ. ಮುಂಬಯಿ ಸರಕಾರದ ಕಾಯ್ದೆ.

7. ಉಡಿಕಿ ಮತ್ತು ಸೋಡಚೀಟಿ

ಈ ಸೀಮೆಯ ಬಹುಪಾಲು ಒಕ್ಕಲು ಮತ್ತು ಕಸುಬುದಾರ ಸಮುದಾಯಗಳಲ್ಲಿ ವಿಧವೆಗೆ ಉಡಿಕಿಯ ಅವಕಾಶ ಇತ್ತು. ಗಂಡಹೆಂಡಿರು ಹೊಂದದಿದ್ದರೆ ಹಿರಿಯರ ಮುಂದೆ ಸೋಡಚೀಟಿ ಆಗುತ್ತಿತ್ತು. 1856ರ ವಿಧವಾ ಪುನರ್ವಿವಾಹ ಕಾಯ್ದೆ ಉದ್ದೇಶಿಸಿದ್ದು ಮರುಮದುವೆಗೆ ಅಡ್ಡಿ ಇದ್ದ ಜಾತಿಗಳನ್ನು. ಅದರ ಎರಡನೆಯ ಕಲಮು ಮರುಮದುವೆಯಾದ ವಿಧವೆ ಮೊದಲ ಗಂಡನ ಆಸ್ತಿಯ ಹಕ್ಕನ್ನು ಕಳೆದುಕೊಳ್ಳುತ್ತಾಳೆಂದು ಹೇಳುತ್ತಿತ್ತು. ಉಡಿಕಿ ಮೊದಲಿನಿಂದಲೂ ನಡೆಯುತ್ತಿದ್ದ ಜಾತಿಗಳಿಗೂ ಇದು ಅನ್ವಯಿಸುವುದೇ? ಅಲಹಾಬಾದ್ ಹೈಕೋರ್ಟು 1889ರಲ್ಲಿ ಇಲ್ಲ ಎಂದಿತು. ಮುಂಬಯಿ ಹೈಕೋರ್ಟಿನ ಪೂರ್ಣಪೀಠ 1896ರಲ್ಲಿ ವಿಠು ಮತ್ತು ಗೋವಿಂದ ಪ್ರಕರಣದಲ್ಲಿ ಹೌದು ಎಂದಿತು. ಸುಧಾರಣೆಗೆಂದು ಬಂದ ಕಾಯ್ದೆಯ ಹೊರೆ, ಆ ಸುಧಾರಣೆಯ ಅಗತ್ಯವೇ ಇಲ್ಲದಿದ್ದ ಹೆಂಗಸರ ಮೇಲೆ ಬಿತ್ತು. ಕಾನೂನಿನ ಇತಿಹಾಸಕಾರ್ತಿ ಲೂಸಿ ಕ್ಯಾರೊಲ್ 1983ರ ತಮ್ಮ ಪ್ರಬಂಧದಲ್ಲಿ ಈ ಭಿನ್ನ ತೀರ್ಪುಗಳನ್ನು ಬಿಡಿಸಿ ತೋರಿಸಿದ್ದಾರೆ.

ಜಾತಿಯ ಪಂಚಾಯತಿ ಮದುವೆಯನ್ನು ಮುರಿದು ಹೆಂಗಸಿಗೆ ಬೇರೆ ಮದುವೆಗೆ ಒಪ್ಪಿಗೆ ಕೊಡುವ ಅಧಿಕಾರವನ್ನೂ ಮುಂಬಯಿ ಹೈಕೋರ್ಟು 1876ರ ಶಂಭು ರಘು ಪ್ರಕರಣದಲ್ಲಿ ಮಾನ್ಯಮಾಡಲಿಲ್ಲ. ಗಂಡಿನ ಪರವಾದ ಪಾಲಿನ ರೂಢಿಗೆ ಸಾಕ್ಷಿ ಕೇಳಿದ ನ್ಯಾಯಾಲಯ, ಹೆಣ್ಣಿಗೆ ಬಿಡುಗಡೆ ಕೊಡುವ ರೂಢಿಗೆ ನೀತಿಯ ಪರೀಕ್ಷೆ ಇಟ್ಟಿತು.

8. ಸವದತ್ತಿಯ ಗುಡ್ಡ ಮತ್ತು ನೀತಿಯ ಅಳತೆ

ನೀತಿಯ ಪರೀಕ್ಷೆ ಅತ್ಯಂತ ಕಠಿಣವಾಗಿ ಬಿದ್ದದ್ದು ದೇವರಿಗೆ ಬಿಟ್ಟ ಹೆಂಗಸರ ಮೇಲೆ. 1880ರ ಮಥುರಾ ನಾಯಕಿಣಿ ಪ್ರಕರಣದಲ್ಲಿ ಮುಂಬಯಿ ಹೈಕೋರ್ಟು ನಾಯಕಿಣಿಯರ ದತ್ತಕದ ರೂಢಿಯನ್ನು ಅನೀತಿಯೆಂದು ತಳ್ಳಿಹಾಕಿತು. ಮದ್ರಾಸಿನ ನ್ಯಾಯಾಲಯ ಇಷ್ಟು ಬಿಗಿಯಾಗಿರಲಿಲ್ಲ. ಸವದತ್ತಿಯ ಎಲ್ಲಮ್ಮನಿಗೆ ಮುತ್ತು ಕಟ್ಟಿಸಿಕೊಂಡವರಲ್ಲಿ, ಅಂದರೆ ದೇವಿಗೆ ಅರ್ಪಿತರಾದವರಲ್ಲಿ, ಮಗಳು ತೌರಿನಲ್ಲೇ ಉಳಿದು ಮಗನಂತೆ ಆಸ್ತಿ ಪಡೆಯುವ ನಡವಳಿಕೆ ಇತ್ತು. ಲೂಸಿಂಡಾ ರಾಂಬರ್ಗ್ 2014ರ ತಮ್ಮ ಗ್ರಂಥದಲ್ಲಿ ಉತ್ತರ ಕರ್ನಾಟಕದ ಜೋಗತಿಯರ ಈ ಬಗೆಯ ಬಂಧುತ್ವವನ್ನು ಅಧ್ಯಯನ ಮಾಡಿದ್ದಾರೆ.

ಆದರೆ ರೂಢಿ ಎಂದ ಮಾತ್ರಕ್ಕೆ ಅದು ನ್ಯಾಯವಾಗಿಬಿಡುವುದಿಲ್ಲ. ಮುತ್ತು ಕಟ್ಟಿಸಿಕೊಂಡವರಲ್ಲಿ ದಲಿತ ಮನೆಗಳ ಎಳೆಯ ಹುಡುಗಿಯರೇ ಹೆಚ್ಚು. ಅವರ ಒಪ್ಪಿಗೆಯನ್ನು ಯಾವ ದೈವವೂ ಕೇಳಲಿಲ್ಲ. 1934ರ ಮುಂಬಯಿ ದೇವದಾಸಿ ರಕ್ಷಣಾ ಕಾಯ್ದೆ ಅರ್ಪಣೆಯನ್ನು ಕಾನೂನುಬಾಹಿರವೆಂದು ಸಾರಿ, ಅಂಥ ಹೆಂಗಸರು ಮದುವೆಯಾಗಬಹುದೆಂದಿತು. 1982ರ ಕರ್ನಾಟಕ ಕಾಯ್ದೆ ಅರ್ಪಣೆಯನ್ನು ನಿಷೇಧಿಸಿತು. ಈ ನಿಷೇಧಗಳು ಬೇಕಾಗಿದ್ದವು. ಪದ್ಧತಿಯನ್ನು ನಿಲ್ಲಿಸುವುದು, ಅದಕ್ಕೆ ಸಿಕ್ಕ ಹೆಂಗಸಿನ ಆಸ್ತಿಯ ಹಕ್ಕನ್ನು ಕಿತ್ತುಕೊಳ್ಳುವುದು ಇವೆರಡನ್ನೂ 1880ರ ನ್ಯಾಯಾಧೀಶರು ಬೇರೆ ಮಾಡಿ ನೋಡಲಿಲ್ಲ, ಇತಿಹಾಸಕಾರರು ನೋಡಬೇಕು.

9. ವಿದ್ವಾಂಸರ ವಾದಗಳು

ಈ ಕ್ಷೇತ್ರದ ಹಿರಿಯ ವಿದ್ವಾಂಸರಲ್ಲೊಬ್ಬರಾದ ಡಂಕನ್ ಡೆರೆಟ್ (1922–2012) ಕನ್ನಡ ಓದುಗರಿಗೆ 1957ರ ಹೊಯ್ಸಳರ ಚರಿತ್ರೆಯಿಂದಲೂ ಪರಿಚಿತರು. ಲಂಡನ್ನಿನಲ್ಲಿ ಪೌರ್ವಾತ್ಯ ಕಾನೂನುಗಳ ಪ್ರಾಧ್ಯಾಪಕರಾಗಿದ್ದ ಅವರು, ಬ್ರಿಟಿಷ್ ನ್ಯಾಯಾಲಯಗಳು ನಡೆಸಿದ ಹಿಂದೂ ಕಾನೂನು ಧರ್ಮಶಾಸ್ತ್ರವೂ ಅಲ್ಲದ, ಜನರ ನಡವಳಿಕೆಯೂ ಅಲ್ಲದ ಮೂರನೆಯ ವಸ್ತುವಾಗಿ ಬೆಳೆದದ್ದನ್ನು ವಿವರಿಸಿದರು. ಬರ್ನಾರ್ಡ್ ಕೋನ್ ಗ್ರಂಥಗಳ ಮೂಲಕ ನಾಡನ್ನು ಅರಿಯುವ ಆಡಳಿತದ ಹಟವನ್ನೂ, ಮಾರ್ಕ್ ಗ್ಯಾಲಂಟರ್ ಸ್ಥಳೀಯ ನ್ಯಾಯಪದ್ಧತಿ ಸ್ಥಾನ ಕಳೆದುಕೊಂಡ ಬಗೆಯನ್ನೂ ತೋರಿಸಿದರು. ಪಾಂಡುರಂಗ ವಾಮನ ಕಾಣೆ ಹಿಂದೂ ರೂಢಿಗಳು ಮತ್ತು ಆಧುನಿಕ ಕಾನೂನನ್ನು ಕುರಿತು ಕೊಟ್ಟ ಉಪನ್ಯಾಸಗಳು 1950ರಲ್ಲಿ ಗ್ರಂಥವಾದವು. ಆಫ್ರಿಕದ ಮಲಾವಿ ಮತ್ತು ಜಾಂಬಿಯಾಗಳನ್ನು ಅಧ್ಯಯನ ಮಾಡಿದ ಮಾರ್ಟಿನ್ ಚಾನಾಕ್ 1985ರಲ್ಲಿ, ಅಲ್ಲಿ ರೂಢಿಗತ ಕಾನೂನೆಂದು ಕರೆದದ್ದು ವಸಾಹತು ಕಾಲದಲ್ಲೇ, ಊರ ಹಿರಿಯ ಗಂಡಸರ ಹೇಳಿಕೆಗಳಿಂದ ರೂಪುಗೊಂಡದ್ದೆಂದು ವಾದಿಸಿದರು. ಪುಣೆಯ ಮುಖಂಡರನ್ನು ಕೇಳಿ ಬರೆದ ಸ್ಟೀಲನ ಗ್ರಂಥಕ್ಕೂ ಈ ಮಾತು ತಟ್ಟುತ್ತದೆ. ರೇಚಲ್ ಸ್ಟರ್ಮನ್ 2012ರ ಕೃತಿಯಲ್ಲಿ ಮುಂಬಯಿ ಇಲಾಖೆಯ ಭೂಮಿಯ ಹಕ್ಕು ಮತ್ತು ಕುಟುಂಬದ ಕಾನೂನನ್ನು ಒಟ್ಟಿಗೆ ನೋಡಿದ್ದಾರೆ. ಕಿತ್ತೂರು, ರಾಮದುರ್ಗಗಳ ದತ್ತಕವನ್ನು ಅರಿಯಲು ಇದೇ ಸರಿಯಾದ ಮಾರ್ಗ. ಲಾರೆನ್ ಬೆಂಟನ್ ದಾವೆಗಾರರು ಹಲವು ನ್ಯಾಯಸ್ಥಾನಗಳ ನಡುವೆ ತಮಗೆ ಅನುಕೂಲವಾದುದನ್ನು ಆರಿಸಿಕೊಂಡರೆಂದು ಒತ್ತಿ ಹೇಳುತ್ತಾರೆ. ಪಾಲಿಗಾಗಿ ಲಂಡನ್ನಿನವರೆಗೆ ಹೋದ ದೇಸಾಯಿಗಳು ಅದಕ್ಕೆ ಸಾಕ್ಷಿ.

10. ಸ್ವಾತಂತ್ರ್ಯದ ನಂತರ

ಸಂವಿಧಾನದ 13ನೆಯ ಅನುಚ್ಛೇದ ಕಾನೂನಿನ ಬಲವುಳ್ಳ ರೂಢಿಯನ್ನೂ ಕಾನೂನಿನ ವ್ಯಾಖ್ಯೆಯೊಳಗೆ ತಂದು ಮೂಲಭೂತ ಹಕ್ಕುಗಳಿಗೆ ಒಳಪಡಿಸಿತು. 1950ರ ಮುಂಬಯಿ ಕಾಯ್ದೆ ಪರಗಣೆ ಮತ್ತು ಕುಲಕರ್ಣಿ ವತನಗಳನ್ನು ರದ್ದುಮಾಡಿತು. 1961ರ ಕರ್ನಾಟಕ ಕಾಯ್ದೆ ಉಳಿದ ಗ್ರಾಮ ಹುದ್ದೆಗಳನ್ನು ಕೊನೆಗಾಣಿಸಿತು. 1956ರ ದತ್ತಕ ಮತ್ತು ಜೀವನಾಂಶ ಕಾಯ್ದೆ ವಿಧವೆಗೆ ತನ್ನ ಹಕ್ಕಿನಿಂದಲೇ ದತ್ತು ತೆಗೆದುಕೊಳ್ಳುವ ಅಧಿಕಾರ ಕೊಟ್ಟಿತು. ಹದಿನೈದು ವರ್ಷ ದಾಟಿದವರನ್ನು ಅಥವಾ ಮದುವೆಯಾದವರನ್ನು ದತ್ತು ಕೊಡುವ ವಿಷಯದಲ್ಲಿ ಮಾತ್ರ ಆ ಕಾಯ್ದೆ ರೂಢಿಗೆ ಜಾಗ ಬಿಟ್ಟಿದೆ. 1856ರ ವಿಧವಾ ಪುನರ್ವಿವಾಹ ಕಾಯ್ದೆ 1983ರಲ್ಲಿ ರದ್ದಾಯಿತು.

ಮಲಪ್ರಭೆಯ ಸೀಮೆಯ ಅನುಭವದಿಂದ ಮೂರು ಮಾತು ಸ್ಥಿರವಾಗುತ್ತವೆ. ರಾಜ್ಯಾಧಿಕಾರಕ್ಕೆ ತಾಗಿದಲ್ಲಿ ವಸಾಹತು ಸರಕಾರ ರೂಢಿಯನ್ನು ಬದಿಗೊತ್ತಿತು. ಆಸ್ತಿಯ ದಾವೆಗಳಲ್ಲಿ ಅದನ್ನು ಸಾಕ್ಷಿಯ ಚೌಕಟ್ಟಿನಲ್ಲಿ ಬಿಗಿಯಿತು. ಹೆಂಗಸರ ವಿಷಯದಲ್ಲಿ ಹಲವು ಸಲ ಅದನ್ನು ಅವರಿಗೇ ವಿರುದ್ಧವಾಗಿ ತಿರುಗಿಸಿತು. ಈ ಇತಿಹಾಸದ ಆಧಾರಗಳು ಮುಂಬಯಿಯ ಪತ್ರಾಗಾರ ಮತ್ತು ಮುದ್ರಿತ ತೀರ್ಪುಗಳಲ್ಲಷ್ಟೇ ಇಲ್ಲ. ದೇಸಗತಿ ವಾಡೆಗಳು, ಗೌಡರ ಮತ್ತು ಕುಲಕರ್ಣಿಗಳ ಮನೆಗಳು, ಮಠಗಳು ಉಳಿಸಿಕೊಂಡಿರುವ ಮೋಡಿ ಲಿಪಿಯ ಮತ್ತು ಕನ್ನಡದ ಕಾಗದಗಳಲ್ಲೂ ಇವೆ. ಉಡಿಕಿ, ಸೋಡಚೀಟಿಗಳ ನೆನಪು ಹಿರಿಯ ಹೆಂಗಸರ ಬಾಯಲ್ಲಿದೆ. ಮೋಡಿ ಓದಬಲ್ಲವರು ಕಡಿಮೆಯಾಗುತ್ತಿದ್ದಾರೆ. ಆ ಕಾಗದಗಳನ್ನು ಪಟ್ಟಿಮಾಡಿ, ನಕಲು ತೆಗೆದು, ಓದಿಸುವ ಕೆಲಸವನ್ನು ಈ ಸೀಮೆಯ ಕಾಲೇಜುಗಳೂ ವಿಶ್ವವಿದ್ಯಾಲಯಗಳೂ ತಡಮಾಡದೆ ಕೈಗೆತ್ತಿಕೊಳ್ಳಬೇಕು.